ಬಟ್ಟೆ ಮುಚ್ಚಿದ ರೊಟ್ಟಿ

ಜಗಳ ಹೊತ್ತುಕೊಂಡು ಪ್ರಭುವಿನ ಮೇಜಿಗೆ ಬರಬಾರದು ಎನ್ನುವುದು ನಮ್ಮ ಸಭೆಯ ಹಳೆಯ ಕಟ್ಟಳೆ. ತಿಂಗಳ ಮೊದಲ ಭಾನುವಾರ, ಪ್ರಭುಭೋಜನದ ದಿನ, ಚರ್ಚಿನ ಪಾದ್ರಿ ಅಯ್ಯನವರು ಇಡೀ ರೊಟ್ಟಿಯನ್ನು ಮೇಜಿನ ಮೇಲಿಟ್ಟು ಬಿಳಿ ಬಟ್ಟೆ ಹೊದಿಸುತ್ತಿದ್ದರು. ಆಮೇಲೆ ಒಂದೇ ಮಾತು ಕೇಳುತ್ತಿದ್ದರು: "ಯಾರ ಮನಸ್ಸಲ್ಲಿ ಯಾರ ಮೇಲೆ ಏನಿದೆ?" ಏನಾದರೂ ಇದ್ದವರು ಎದ್ದು ಹೋಗಿ ಆ ಇನ್ನೊಬ್ಬರ ಬೆಂಚಿನ ಹತ್ತಿರ ಎದುರಿಗೆ ನಿಲ್ಲಬೇಕು. ಬೈಯುವಂತಿಲ್ಲ, ಅಳುವಂತಿಲ್ಲ, ಸುಮ್ಮನೆ ನಿಲ್ಲಬೇಕು. ಅವರೂ ಏಳಬೇಕು. ಏನೆಂದು ಗೊತ್ತಿಲ್ಲದಿದ್ದರೆ ಕೇಳಬೇಕು, ಗೊತ್ತಿದ್ದರೆ "ತಪ್ಪು ನನ್ನದು" ಅನ್ನಬೇಕು. ಆ ಮಾತು ಬಾಯಿಂದ ಬಂದ ಮೇಲೆಯೇ ಕೈ ಹಿಡಿಯುವುದು. ಅಲ್ಲಿಯವರೆಗೆ ಬಟ್ಟೆ ತೆಗೆಯುವ ಹಾಗಿಲ್ಲ, ರೊಟ್ಟಿ ಮುರಿಯುವ ಹಾಗಿಲ್ಲ.

ಇದನ್ನು ನಾವು 'ಎದುರು ನಿಲ್ಲುವುದು' ಅನ್ನುತ್ತಿದ್ದೆವು. ದೊಡ್ಡ ದೊಡ್ಡ ಪಾಪಗಳೇನೂ ಇರುತ್ತಿರಲಿಲ್ಲ. ಚರಂಡಿ ನೀರು, ಪಕ್ಕದ ಮನೆಯ ಕೋಳಿ, ಕೊಟ್ಟು ವಾಪಸ್ ಬಾರದ ಕುಕ್ಕರ್. ನಾನು ಚಿಕ್ಕವನಿದ್ದಾಗ ಒಂದು ಏಣಿಯ ವಿಷಯಕ್ಕೆ ಇಬ್ಬರು ಷಡ್ಡಕರು ಹಟ ಹಿಡಿದು ಮಧ್ಯಾಹ್ನದ ತನಕ ಎದುರುಬದುರು ನಿಂತಿದ್ದರು. ಮಕ್ಕಳು ಹಸಿವಿನಿಂದ ಅಳತೊಡಗಿದ್ದವು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಅಜ್ಜಿ ಎದ್ದು ನಿಂತು, "ಏಣಿ ಮುರಿದಿದ್ದು ನಾನೇ ಕಣ್ರಪ್ಪಾ, ತಪ್ಪು ನಂದು, ಅನ್ನ ಆರಿಹೋಗ್ತಿದೆ, ಕೈ ಹಿಡೀರಿ" ಅಂದಳು. ಆ ಅಜ್ಜಿ ಜನ್ಮದಲ್ಲಿ ಏಣಿ ಹತ್ತಿದವಳಲ್ಲ. ಇಡೀ ಚರ್ಚು ನಕ್ಕಿತು, ಷಡ್ಡಕರೂ ನಕ್ಕರು, ಬಟ್ಟೆ ತೆಗೆದರು.

ಆ ರೊಟ್ಟಿಯನ್ನು ಬೇಯಿಸುತ್ತಿದ್ದವನು ನನ್ನ ಅಣ್ಣ. ನಮ್ಮ ಬೀದಿಯ ಬೇಕರಿಯಲ್ಲಿ ಅವನು ಹಿಟ್ಟು ನಾದುವ ಕೆಲಸಕ್ಕಿದ್ದ. ದಿನದ ಕೊನೆಗೆ ಉಳಿದ ಬ್ರೆಡ್ಡನ್ನು ಮಾಲೀಕರು ಎಸೆಯಲು ಹೇಳುತ್ತಿದ್ದರು. ಇವನು ಅದನ್ನು ಗೋಣಿಚೀಲಕ್ಕೆ ತುಂಬಿ, ಸೈಕಲ್ಲಿನ ಹಿಂದೆ ಕಟ್ಟಿ, ಹಳೇ ಬಸ್ ಡಿಪೋಗೆ ಒಯ್ಯುತ್ತಿದ್ದ. ಅಲ್ಲಿ ಬೇರೆ ಕಡೆಯಿಂದ ಜೀವ ಉಳಿಸಿಕೊಂಡು ಓಡಿಬಂದ ಸಂಸಾರಗಳು ತಗಡಿನ ಕೆಳಗೆ ಮಲಗುತ್ತಿದ್ದವು. ಅವರ ಮಾತು ನಮಗೆ ಬಾರದು, ಅವರು ಕೈಮುಗಿಯುವ ದೇವರೂ ನಮ್ಮವನಲ್ಲ. ಅಣ್ಣ ಅದನ್ನು ವಿಚಾರಿಸಲು ಹೋಗಿರಲಿಲ್ಲ. ಬ್ರೆಡ್ ಗಟ್ಟಿಯಾಗುವ ಮೊದಲು ತಲುಪಿಸಬೇಕು ಅನ್ನುವುದಷ್ಟೇ ಅವನ ತಲೆಬಿಸಿ.

ಅದೇ ಹೊತ್ತಿಗೆ ಚುನಾವಣೆ ಬಂತು. ನಮ್ಮ ಕಡೆಯ ನಾಯಕರು ಈ ನಾಡನ್ನು ಕ್ರಿಸ್ತನಿಗೆ ಮರಳಿ ಕೊಡಿಸುತ್ತೇನೆ ಎಂದು ಹೊರಟರು. ಕ್ರಿಸ್ತನ ಕೈಯಿಂದ ಅದನ್ನು ಯಾರು ಯಾವಾಗ ಕಿತ್ತುಕೊಂಡಿದ್ದರೋ ನನಗೆ ಗೊತ್ತಿಲ್ಲ. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆ ಪಾಠ ಮುಂದೆ ಇತ್ತೋ ಏನೋ. ಮೈದಾನದ ಸಭೆಯಲ್ಲಿ ನಾಯಕರು ಬೈಬಲನ್ನು ಎತ್ತಿ ಹಿಡಿದು, "ನಮ್ಮ ರೊಟ್ಟಿಯನ್ನು ಅವರ ಬಾಯಿಗೆ ಹಾಕುವವನು ನಮ್ಮವನಲ್ಲ" ಅಂದರು. ಜನ ಶಿಳ್ಳೆ ಹಾಕಿದರು. ಮರುದಿನ ಸಂಜೆ ಕೊರಳಲ್ಲಿ ಶಿಲುಬೆ ತೂಗುಬಿಟ್ಟುಕೊಂಡ ಕೆಲವರು ಡಿಪೋದ ದಾರಿಯಲ್ಲಿ ಅಣ್ಣನ ಸೈಕಲ್ಲು ತಡೆದರು. ಅದೇ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರಂತೆ, ಭಾನುವಾರದ ಶಾಲೆಯ ಮಕ್ಕಳ ಹಾಗೆ. ಆಮೇಲೆ ಅವನ ಬಲಗೈಯನ್ನು ಮೋರಿಯ ಕಲ್ಲಿನ ಮೇಲಿಟ್ಟು ಕಬ್ಬಿಣದ ಸರಳಿನಿಂದ ಹೊಡೆದರು.

ಠಾಣೆಯಲ್ಲಿ ಸೈಕಲ್ಲಿನಿಂದ ಬಿದ್ದು ಕೈ ಮುರಿದಿದೆ ಎಂದು ಬರೆದುಕೊಂಡರು. ಮಣಿಕಟ್ಟಿನ ಮೂಳೆ ಸೊಟ್ಟಗೆ ಕೂಡಿತು. ಬೆರಳುಗಳು ಅರ್ಧಕ್ಕೆ ಮಡಚಿ ಅಲ್ಲೇ ನಿಂತುಬಿಟ್ಟವು.

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ನಾಯಕರ ಚಿತ್ರವಿದ್ದ ಕ್ಯಾಲೆಂಡರ್ ತೂಗುತ್ತಿತ್ತು, ಚರ್ಚಿನಲ್ಲಿ ಹಂಚಿದ್ದು. ಆಸ್ಪತ್ರೆಯಿಂದ ಬಂದ ದಿನ ನಾನು ಅದನ್ನು ಕೀಳಲು ಹೋದೆ.

"ಬಿಡೋ, ತೇದಿ ನೋಡೋದು ಬೇಡ್ವಾ?" ಅಂದಳು ಅಮ್ಮ.

"ಇವನ ಮುಖದ ಕೆಳಗೆ ತೇದಿ ನೋಡ್ಬೇಕಾ?"

"ಅವರಿಗೆ ಗೊತ್ತಿರಲ್ಲ ಕಣೋ. ಮೇಲೆ ಕೂತವರಿಗೆ ಕೆಳಗಿನವರು ಏನ್ ಮಾಡ್ತಾರೆ ಅಂತ ಯಾರು ಹೋಗಿ ಹೇಳ್ತಾರೆ? ನಾನು ಎದುರು ನಿಲ್ತೀನಿ. ಅವರೂ ವಿಶ್ವಾಸಿ ತಾನೆ. ಕೇಳ್ತಾರೆ, ಹೇಳ್ತೀನಿ. ತಪ್ಪು ನಂದು ಅಂತಾರೆ. ನನಗೆ ಅಷ್ಟು ಸಾಕು."

ಅಮ್ಮನಿಗೆ ದುಡ್ಡು ಬೇಕಿರಲಿಲ್ಲ, ಯಾರೂ ಜೈಲಿಗೆ ಹೋಗುವುದೂ ಬೇಕಿರಲಿಲ್ಲ. ಎರಡು ಪದ ಬೇಕಿತ್ತು. ಆ ಎರಡು ಪದ ಬಂದರೆ ಅವಳ ಚರ್ಚು ಅವಳಿಗೆ ಉಳಿಯುತ್ತಿತ್ತು. ಅದು ನನಗೆ ಆಗ ಅರ್ಥವಾಗಿರಲಿಲ್ಲ. ಮುದುಕಿಗೆ ಅರಳುಮರಳು ಅಂದುಕೊಂಡಿದ್ದೆ.

ನಾಯಕರು ಮುಂದಿನ ಪ್ರಭುಭೋಜನಕ್ಕೆ ನಮ್ಮ ಚರ್ಚಿಗೇ ಬರುತ್ತಾರೆ ಎಂದು ಸುದ್ದಿಯಾಯಿತು. ಹಿಂದಿನ ದಿನ ಸಂಜೆ ಬೇಕರಿಯಲ್ಲಿ ಅಣ್ಣ ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟ, ನಾನು ನಾದಿದೆ.

"ಹಿಟ್ಟು ನಿನಗೇನೋ ಮಾಡಿದೆ, ಮೆಣಸು? ಹಾಗ್ಯಾಕೆ ಗುದ್ದುತೀಯ?" ಅಂದ. ನನ್ನ ಸಿಟ್ಟಿಗೆ ಅವನಿಟ್ಟ ಹೆಸರು ಮೆಣಸು.

"ಆ ನಾಯಕನ ಬಾಯಿಗೆ ಹೋಗೋ ರೊಟ್ಟಿಗೆ ಗುದ್ದದೆ ಮುದ್ದು ಮಾಡ್ಲಾ?"

"ಅದು ಎಲ್ಲರ ಬಾಯಿಗೂ ಹೋಗುತ್ತೆ. ಅಂಗೈ ಬುಡದಿಂದ ತಳ್ಳು. ಹಾಂ, ಮಡಚು. ಈಗ ತಿರುಗಿಸು. ನಿನ್ನ ತಲೆ ಅಲ್ಲ, ಹಿಟ್ಟು."

"ಅಣ್ಣಾ, ನಿಜ ಹೇಳು. ಅವನು ಆ ಮಾತು ಹೇಳ್ತಾನೆ ಅಂತ ನಿನಗನ್ಸುತ್ತಾ?"

ಅಣ್ಣ ಎಡಗೈಯಿಂದ ಹಿಟ್ಟನ್ನು ಒತ್ತಿ ನೋಡಿದ. ಒತ್ತಿದ ಗುಂಡಿ ಮೆಲ್ಲಗೆ ಮೇಲೆದ್ದು ಬಂತು. "ಹದ ಬಂದಿದೆ, ಮುಚ್ಚಿಡು" ಅಂದ. ನನ್ನ ಪ್ರಶ್ನೆಯನ್ನೂ ಅದರ ಜೊತೆಗೇ ಮುಚ್ಚಿಟ್ಟ.

ನಮ್ಮ ಈಗಿನ ಅಯ್ಯನವರು ಹೊಸಬರು, ಚಿಕ್ಕ ವಯಸ್ಸಿನವರು. ಅವರು ಬಂದ ಮೇಲೆ ಪೀಠದ ಹಿಂದೆ ಗೋಡೆಯಗಲದ ಪರದೆ ಬಂತು, ಡ್ರಮ್ಮು ಬಂತು, ಆರಾಧನೆ ಫೋನಿನಲ್ಲಿ ನೇರ ಪ್ರಸಾರವಾಗತೊಡಗಿತು. ಕೆಟ್ಟವರೇನಲ್ಲ. ಅಣ್ಣನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಇಡೀ ದಿನ ಅಮ್ಮನ ಪಕ್ಕ ಕೂತಿದ್ದವರು ಅವರೊಬ್ಬರೇ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಭಾನುವಾರ ಮುಂದಿನ ಬೆಂಚುಗಳಲ್ಲಿ ನಮ್ಮವರಿಗೆ ಜಾಗವಿರಲಿಲ್ಲ. ನಡುವೆ ನಾಯಕರು, ಸುತ್ತ ಕ್ಯಾಮೆರಾ ಹಿಡಿದವರು, ಹಿಂಬಾಲಕರು. ಹಿಂಬಾಲಕರಲ್ಲಿ ಒಬ್ಬನನ್ನು ನೋಡಿ ಅಣ್ಣ ತಲೆ ತಗ್ಗಿಸಿದ. ಸರಳು ಹಿಡಿದಿದ್ದವನು ಅವನೇ ಎಂದು ನನಗೆ ಆ ತಗ್ಗಿದ ತಲೆಯಿಂದಲೇ ಗೊತ್ತಾಯಿತು. ಅವನು ಹಾಡಿನ ಪುಸ್ತಕ ತಲೆಕೆಳಗಾಗಿ ಹಿಡಿದು ಭಕ್ತಿಯಿಂದ ಬಾಯಾಡಿಸುತ್ತಿದ್ದ.

ಅಯ್ಯನವರು ರೊಟ್ಟಿಯಿಟ್ಟು ಬಟ್ಟೆ ಹೊದಿಸಿದರು. "ಇವತ್ತು ಸಮಯ ಕಡಿಮೆ ಇದೆ. ನಮ್ಮ ನಮ್ಮ ಹೃದಯದಲ್ಲೇ ಸಮಾಧಾನ ಮಾಡಿಕೊಳ್ಳೋಣ" ಅಂದರು.

ಅಷ್ಟರಲ್ಲಿ ಅಮ್ಮ ಎದ್ದಾಗಿತ್ತು.

ತಲೆವಸ್ತ್ರ ಸರಿಪಡಿಸಿಕೊಂಡು ನಡುದಾರಿಯಲ್ಲಿ ನಡೆದಳು. ಮೊಣಕಾಲು ನೋವಿನವಳು, ಬೆಂಚು ಬೆಂಚನ್ನೂ ಹಿಡಿದು ಹೋದಳು. ನಮ್ಮ ಸಭೆಯ ಪ್ರತಿಯೊಬ್ಬರಿಗೂ ಅವಳು ಎಲ್ಲಿಗೆ, ಯಾಕೆ ಹೊರಟಳು ಎಂದು ಗೊತ್ತಿತ್ತು. ಗೊತ್ತಿಲ್ಲದಿದ್ದವರು ನಾಯಕರೊಬ್ಬರೇ. ಅವಳು ಅವರ ಎದುರು ಹೋಗಿ ನಿಂತಳು, ಬಾಯಿ ಮುಚ್ಚಿಕೊಂಡು, ಕಟ್ಟಳೆಯ ಪ್ರಕಾರ.

ನಾಯಕರು ಎದ್ದರು. ನಾನೂ ಒಂದು ಕ್ಷಣ ನಂಬಿಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಅವರಿಗೆ ಕಂಡದ್ದು ಹರಸಲು ಬಂದ ಒಬ್ಬ ಮುದುಕಿ. ಎರಡೂ ಕೈಗಳಿಂದ ಅಮ್ಮನ ಕೈಯನ್ನು ಬಾಚಿಕೊಂಡರು. ಬಗ್ಗಿ ಅದನ್ನು ಹಣೆಗೊತ್ತಿಕೊಂಡರು. "ಅಮ್ಮಾ, ನಿಮ್ಮಂಥವರ ಆಶೀರ್ವಾದವೇ ನನಗೆ ಬಲ" ಅಂದರು, ಕ್ಯಾಮೆರಾದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಅಮ್ಮ ಕೈ ಎಳೆದುಕೊಳ್ಳಲು ನೋಡಿದಳು. ಅವರು ಬಿಡಲಿಲ್ಲ. ಅವಳು ಬಾಯಿ ತೆರೆದು, "ಮಾತು... ಮೊದಲು ಮಾತು ಹೇಳಿ" ಅಂದದ್ದು ನನಗೆ ತುಟಿಯಿಂದ ಗೊತ್ತಾಯಿತು. ಹಿಂಬಾಲಕರು ಚಪ್ಪಾಳೆ ಹೊಡೆದರು. ಚಪ್ಪಾಳೆ ಅಂಟುರೋಗ, ನಮ್ಮವರೂ ಹೊಡೆದರು.

ನಾನು ಎದ್ದೆ. ಅಣ್ಣ ಎಡಗೈಯಿಂದ ನನ್ನ ಅಂಗಿ ಹಿಡಿದೆಳೆದ. "ಕೂತ್ಕೋ. ಇದು ಅಮ್ಮನ ಸರದಿ. ಅಯ್ಯನವರು ಬಟ್ಟೆ ತೆಗೆಯಲ್ಲ, ನೋಡು."

ಅಯ್ಯನವರು ಅಮ್ಮನನ್ನು ನೋಡಿದರು. ಕ್ಯಾಮೆರಾಗಳನ್ನು ನೋಡಿದರು. ಬಟ್ಟೆ ತೆಗೆದರು.

ನಾನು ನಾದಿದ ರೊಟ್ಟಿಯ ಮೊದಲ ತುಂಡು ನಾಯಕರ ಬಾಯಿಗೆ ಹೋಯಿತು.

ನಾನು ಕೆಲಸಕ್ಕಿರುವುದು ಬ್ಯಾನರ್ ಮುದ್ರಿಸುವ ಅಂಗಡಿಯಲ್ಲಿ. ಮದುವೆ, ಸಾವು, ರಿಯಾಯಿತಿ ಮಾರಾಟ, ಯಾವುದಾದರೂ ಸರಿ, ಫೈಲು ಬರುತ್ತದೆ, ನಾನು ಯಂತ್ರಕ್ಕೆ ಫ್ಲೆಕ್ಸಿನ ಸುರುಳಿ ಏರಿಸುತ್ತೇನೆ. ಅದರ ಪ್ರಿಂಟ್ ಹೆಡ್ಡು ಅತ್ತಿಂದಿತ್ತ ಓಡಾಡುತ್ತ ಪಟ್ಟಿ ಪಟ್ಟಿಯಾಗಿ ಚಿತ್ರ ಬಿಡಿಸುತ್ತದೆ. ಆ ವಾರ ನಾಯಕರ ಕಡೆಯಿಂದ ದೊಡ್ಡ ಕೆಲಸ ಬಂತು. ಮೊದಲು ಆಕಾಶ ಬಂತು. ಆಮೇಲೆ ಶಿಲುಬೆಯ ತುದಿ. ಆಮೇಲೆ ನಾಯಕರ ಕೂದಲು. ಅದರ ಪಕ್ಕದಲ್ಲಿ, ಒಂದು ಪಟ್ಟಿ, ಇನ್ನೊಂದು ಪಟ್ಟಿ, ನಮ್ಮಮ್ಮನ ತಲೆವಸ್ತ್ರ.

ಕಣ್ಣು ಬಂತು. ಮೂಗು ಬಂತು. "ಮಾತು" ಎಂದು ತೆರೆದ ಬಾಯಿ ಬಂತು. ಗೊತ್ತಿಲ್ಲದವರಿಗೆ ಅದು ಹರಸುತ್ತಿರುವ ಬಾಯಿ. ಗಲ್ಲದ ಮೇಲಿನ ಮಚ್ಚೆಯನ್ನು ಯಾರೋ ಅಳಿಸಿ ಚರ್ಮ ನಯ ಮಾಡಿದ್ದರು. ಕೆಳಗೆ, "ತಾಯಂದಿರ ಆಶೀರ್ವಾದ, ಕ್ರಿಸ್ತನ ನಾಡು."

ನಾನು ಯಂತ್ರ ನಿಲ್ಲಿಸಿದೆ. ಸದ್ದು ನಿಂತದ್ದಕ್ಕೆ ಮಾಲೀಕರು ಒಳಗಿಂದ ಬಂದರು. ನೋಡಿದರು.

"ಅರೆ, ನಿಮ್ಮಮ್ಮ ಅಲ್ವೇನೋ? ಸಿನಿಮಾದವರ ಥರ ಕಾಣ್ತಿದ್ದಾರಲ್ಲೋ."

"ಇದು ಸುಳ್ಳು ಸಾರ್. ಅಮ್ಮ ಆಶೀರ್ವಾದ ಮಾಡೋಕೆ ಹೋಗಿದ್ದಲ್ಲ."

"ನಾವು ಮುದ್ರಿಸೋದ್ರಲ್ಲಿ ಯಾವುದು ನಿಜ ಹೇಳು. ಹೋದ ವಾರ ಆ ಕೂದಲೆಣ್ಣೆದು ಮಾಡಿದ್ವಿ, ನನ್ನ ತಲೆ ನೋಡು." ತಮ್ಮ ಬೋಳುತಲೆ ಸವರಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ನೋಡಪ್ಪಾ, ನೀನು ಮಾಡದಿದ್ರೆ ಪಕ್ಕದಂಗಡಿಯವನು ಮಾಡ್ತಾನೆ. ಅಲ್ಲಿ ಬಣ್ಣ ಕೆಡಿಸ್ತಾರೆ. ನಿಮ್ಮಮ್ಮನ ಮುಖ ಹಸಿರಾಗಿ ಬರಬೇಕಾ? ಮನೇಲಿ ದುಡಿಯೋ ಕೈ ಈಗ ನಿಂದೊಂದೇ, ನೆನಪಿರಲಿ."

ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ಆ ಮನುಷ್ಯನಿಗೆ ಗೊತ್ತು. ನಾನು ಯಂತ್ರ ಚಾಲೂ ಮಾಡಿದೆ. ಕೊನೆಯ ಪ್ರತಿಯವರೆಗೂ ನಾನೇ ನಿಂತು ಮಾಡಿದೆ, ಬಣ್ಣ ಎಲ್ಲೂ ಕೆಡದ ಹಾಗೆ.

ಬೀದಿ ಕಂಬಗಳ ಮೇಲೆ ಅಮ್ಮ ಹತ್ತಿ ಕೂತಳು. ತರಕಾರಿಯವನು ಅವಳಿಗೆ ಒಂದು ಹಿಡಿ ಸೊಪ್ಪು ಹೆಚ್ಚಿಗೆ ಹಾಕಿ, "ನಮ್ಮದೂ ಒಂದು ಮಾತು ನಾಯಕರ ಕಿವಿಗೆ ಹಾಕಿ ಅಜ್ಜಿ" ಅಂದನಂತೆ. ಅವಳು ಸೊಪ್ಪನ್ನು ಅಲ್ಲೇ ಬಿಟ್ಟು ಬಂದಳು. ಅಂದೇ ಕ್ಯಾಲೆಂಡರನ್ನು ತಾನೇ ಇಳಿಸಿ, ಮಡಚಿ, ಅಲುಗಾಡುತ್ತಿದ್ದ ಕಪಾಟಿನ ಕಾಲಿನಡಿ ಸಿಕ್ಕಿಸಿದಳು. "ಬಾ, ಅಯ್ಯನವರ ಹತ್ತಿರ ಹೋಗೋಣ" ಅಂದಳು ನನಗೆ.

ಅಯ್ಯನವರ ಆಫೀಸಿನಲ್ಲಿ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಪೇರಿಸಿದ್ದವು. ಅವರು ಅಮ್ಮನಿಗೆ ಕುರ್ಚಿ ಎಳೆದುಕೊಟ್ಟು ಫ್ಯಾನು ಅವಳ ಕಡೆ ತಿರುಗಿಸಿದರು.

"ಅಯ್ಯನವರೇ, ರಾಜಿ ಆಗಿಲ್ಲ" ಅಂದಳು ಅಮ್ಮ. "ಅವರು ಮಾತು ಹೇಳಲಿಲ್ಲ. ಕೈ ಮಾತ್ರ ಹಿಡಿದ್ರು. ನೀವು ಬಟ್ಟೆ ತೆಗೆದುಬಿಟ್ರಿ."

"ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲಮ್ಮ."

"ನಿಮಗೆ ಗೊತ್ತಿತ್ತಲ್ಲ."

ಅಯ್ಯನವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಅಮ್ಮಾ, ಕಾಲ ಹೇಗಿದೆ ನೋಡ್ತಿದ್ದೀರಿ. ಜನ ಚರ್ಚಿಗೇ ಬರಲ್ಲ ಅಂತಾರೆ. ಮಕ್ಕಳು ಫೋನ್ ಬಿಟ್ಟು ತಲೆ ಎತ್ತಲ್ಲ. ಇಂಥಾದ್ರಲ್ಲಿ ಒಬ್ಬ ದೊಡ್ಡ ಮನುಷ್ಯ ನಾನು ಕ್ರಿಸ್ತನವನು ಅಂತ ಬೀದಿಯಲ್ಲಿ ಹೇಳ್ತಿದ್ದಾರೆ. ಅವರು ನೂರಕ್ಕೆ ನೂರು ಸರಿ ಅಂತ ನಾನು ಹೇಳ್ತಿಲ್ಲ. ಸಭೆ ಉಳೀಬೇಕಲ್ಲ."

"ಕಲ್ಲು ಗೋಡೆ ಉಳಿಯುತ್ತೆ ಬಿಡಿ ಅಯ್ಯನವರೇ, ಯಾವ ನಾಯಕ ಇಲ್ಲದಿದ್ರೂ" ಅಂದೆ ನಾನು. "ಸಭೆ ಅಂದ್ರೆ ನಮ್ಮಣ್ಣ ಸೇರ್ತಾನೋ ಇಲ್ವೋ?"

"ನೀನು ಚರ್ಚಿಗೆ ಬರೋದೇ ಅಪರೂಪ ಕಣಪ್ಪಾ. ಬಂದ್ರೂ ಬಾಗಿಲ ಹತ್ತಿರ."

"ಬಾಗಿಲ ಹತ್ತಿರ ಗಾಳಿ ಬರುತ್ತೆ."

ಅಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. ಸುಮ್ಮನಿರು ಅಂತ. "ಜಗಳ ಆಡೋಕೆ ಬಂದಿಲ್ಲ ಅಯ್ಯನವರೇ. ಬರೋ ಪ್ರಭುಭೋಜನಕ್ಕೆ ನಾನು ಮತ್ತೆ ನಿಲ್ತೀನಿ. ಅವರಿಲ್ಲದಿದ್ರೂ ನಿಲ್ತೀನಿ. ಅವರಿಗೆ ಹೇಳಿ ಕಳಿಸಿ. ಆ ಮಾತು ಬರೋವರೆಗೂ ನೀವು ಬಟ್ಟೆ ತೆಗೀಬೇಡಿ. ಅಷ್ಟೇ ಕೇಳೋದು."

ಅಯ್ಯನವರು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಉತ್ತರ ಕೊಡಲಾಗದವರಿಗೆ ಇದೊಂದು ಅನುಕೂಲ.

ನಾಯಕರು ಗೆದ್ದರು. ಡಿಪೋದ ತಗಡುಗಳನ್ನು ಕಿತ್ತುಹಾಕಿ, ಆ ಸಂಸಾರಗಳನ್ನು ಲಾರಿಗೆ ಹತ್ತಿಸಿ ಎಲ್ಲಿಗೋ ಒಯ್ದರು. ಅಣ್ಣ ಹೋಗಿ ಖಾಲಿ ಜಾಗ ನೋಡಿಕೊಂಡು ಬಂದ. ಯಾರದೋ ಮಗುವಿನ ಒಂದು ಚಪ್ಪಲಿ ಬಿದ್ದಿತ್ತಂತೆ. ಅದನ್ನು ಹೇಳಿ ಊಟ ಬಿಟ್ಟು ಎದ್ದ.

ತಿಂಗಳ ಮೊದಲ ಭಾನುವಾರ ಬಂತು. ಹಿಂದಿನ ದಿನ ರೊಟ್ಟಿಗೆ ಹೇಳಲು ಚರ್ಚಿನಿಂದ ಯಾರೂ ಬೇಕರಿಗೆ ಬಂದಿರಲಿಲ್ಲ. ಮರೆತಿರಬಹುದು ಎಂದು ಅಣ್ಣ ನನ್ನಿಂದ ನಾದಿಸಿಯೇ ನಾದಿಸಿದ. ಬೇಯಿಸಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತ.

ಮೇಜಿನ ಮೇಲೆ ರೊಟ್ಟಿಯಿರಲಿಲ್ಲ, ಬಟ್ಟೆಯೂ ಇರಲಿಲ್ಲ. ಪ್ರತಿ ಆಸನದ ಮೇಲೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಕಪ್ಪು ಇಟ್ಟಿದ್ದರು. ಒಳಗೆ ಒಂದು ಗುಟುಕು ದ್ರಾಕ್ಷಿರಸ, ಮೇಲೆ ತೆಳ್ಳಗೆ ಬಿಲ್ಲೆಯಂಥ ರೊಟ್ಟಿ, ಅದರ ಮೇಲೆ ಅಂಟಿಸಿದ ಬೆಳ್ಳಿಹಾಳೆ. ಆಫೀಸಿನ ಮೂಲೆಯ ಪೆಟ್ಟಿಗೆಗಳಲ್ಲಿ ಇದ್ದದ್ದು ಇವೇ. ನಾವು ಮಾತಾಡುವಾಗಲೇ ಅವು ಅಲ್ಲಿ ಕೂತು ಕೇಳಿಸಿಕೊಂಡಿದ್ದವು.

"ಶುಚಿತ್ವದ ದೃಷ್ಟಿಯಿಂದ, ಮತ್ತು ಮನೆಯಿಂದ ನೋಡುವವರಿಗೂ ಅನುಕೂಲವಾಗಲಿ ಅಂತ, ಇನ್ನು ಮುಂದೆ ಹೀಗೆ" ಎಂದರು ಅಯ್ಯನವರು. "ಇವು ನಮ್ಮ ನಾಯಕರ ಕೊಡುಗೆ. ದೇವರು ಅವರನ್ನು ಆಶೀರ್ವದಿಸಲಿ."

ಯಾರ ಮನಸ್ಸಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. ಕೇಳುವ ಅಗತ್ಯವೇ ಉಳಿದಿರಲಿಲ್ಲ. ತಡೆಹಿಡಿಯಲು ರೊಟ್ಟಿ ಬೇಕಲ್ಲ.

ಅಮ್ಮ ಎದ್ದಳು. ಬೆಂಚು ಬೆಂಚನ್ನೂ ಹಿಡಿದು ಮುಂದೆ ಹೋಗಿ, ನಾಯಕರು ಅಂದು ಕೂತಿದ್ದ ಜಾಗದ ಎದುರು ನಿಂತಳು. ಅಲ್ಲೀಗ ಹೊಸದಾಗಿ ಮದುವೆಯಾದ ಜೋಡಿಯೊಂದು ಕೂತಿತ್ತು. ಅವರು ಗಾಬರಿಯಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವಳು ಖಾಲಿ ಬೆಂಚಿನ ಮರವನ್ನು ನೋಡುತ್ತ ನಿಂತಳು.

"ನಿಮ್ಮ ನಿಮ್ಮ ಜಾಗದಲ್ಲೇ ತೆರೆದು ಸ್ವೀಕರಿಸಿ" ಅಂದರು ಅಯ್ಯನವರು, ಪುಸ್ತಕದಿಂದ ತಲೆ ಎತ್ತದೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲೋ ಹಿಂದೆ ಚರ್ರ್ ಎಂದಿತು. ಇನ್ನೊಂದು ಕಡೆ ಚರ್ರ್. ಎಡಗಡೆ, ಬಲಗಡೆ. ಆಮೇಲೆ ಇಡೀ ಚರ್ಚಿನಲ್ಲಿ ಬೆಳ್ಳಿಹಾಳೆ ಹರಿಯುವ ಸದ್ದು. ಅಮ್ಮನ ಕಷ್ಟಸುಖಕ್ಕೆ ಆದವರು, ನಮ್ಮಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು, ಏಣಿಯ ಷಡ್ಡಕರು. ಎಲ್ಲರೂ ತಲೆ ಬಗ್ಗಿಸಿ ತಮ್ಮ ತಮ್ಮ ಕಪ್ಪು ಹರಿದುಕೊಂಡರು.

ಅಣ್ಣ ಕಪ್ಪು ಮುಟ್ಟಲಿಲ್ಲ. ತೊಡೆಯ ಮೇಲಿನ ಗಂಟನ್ನು ನನ್ನ ಕೈಗಿಟ್ಟು ಎದ್ದ. ಅಮ್ಮ ನೋಡುತ್ತಿದ್ದ ಖಾಲಿ ಜಾಗಕ್ಕೆ ಹೋಗಿ ಅವಳ ಎದುರು ನಿಂತ. ಅವನ ಮನಸ್ಸಿನಲ್ಲಿ ಆ ಏಣಿಯ ಅಜ್ಜಿ ಇದ್ದಳು ಎಂದು ನನಗೆ ಈಗ ಅನ್ನಿಸುತ್ತದೆ. ಹೇಗಾದರೂ ಮುಗಿಯಲಿ, ಅಮ್ಮ ಕೂತುಕೊಳ್ಳಲಿ ಎಂದು.

"ತಪ್ಪು ನನ್ನದಮ್ಮ" ಅಂದ. "ನಾನು ಬೇರೆ ದಾರೀಲಿ ಹೋಗಬಹುದಿತ್ತು. ಬಾ, ಕೂತ್ಕೋ."

ಸೊಟ್ಟ ಬಲಗೈಯನ್ನು ಮುಂದೆ ಚಾಚಿದ.

ಅಮ್ಮ ಅದನ್ನು ನೋಡಿದಳು. ಹಿಡಿಯಲಿಲ್ಲ. ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಮತ್ತೆ ಯಾರಾದರೂ ಬಾಚಿಕೊಂಡಾರು ಎನ್ನುವ ಹಾಗೆ.

"ಆ ಮಾತು ನಿನ್ನ ಬಾಯಲ್ಲಿ ಬರಬಾರದು" ಅಂದಳು. "ಯಾರೋ ಕಕ್ಕಿದ್ದನ್ನ ನೀನು ಯಾಕಪ್ಪಾ ಬಳೀತೀಯ?"

ಡ್ರಮ್ಮು ಶುರುವಾಯಿತು. ಪರದೆಯ ಮೇಲೆ ಹಾಡಿನ ಸಾಲುಗಳು ಬಂದವು. ಆರಾಧನೆ ಮುಗಿಯಿತು. ಜನ ಅವರಿಬ್ಬರನ್ನು ಬಳಸಿಕೊಂಡು ಹೊರಗೆ ಹೋದರು, ಕೆಲವರು ಅಮ್ಮನ ಭುಜ ಮುಟ್ಟಿ, ಹೆಚ್ಚಿನವರು ಮುಟ್ಟದೆ. ಅಯ್ಯನವರು ಪಕ್ಕದ ಬಾಗಿಲಿನಿಂದ ಹೋದರು. ಚರ್ಚು ನೋಡಿಕೊಳ್ಳುವ ಮಾವ ಬೆಂಚುಗಳ ಮೇಲಿನ ಹರಿದ ಕಪ್ಪುಗಳನ್ನು ಕಸದ ಚೀಲಕ್ಕೆ ತುಂಬಿದ, ಫ್ಯಾನು ಆರಿಸಿದ, ಕೀಲಿಕೈ ಹಿಡಿದು ಬಾಗಿಲಲ್ಲಿ ನಿಂತ. "ಅಕ್ಕಾ, ಬೀಗ ಹಾಕ್ಬೇಕು" ಅಂದ, ತನ್ನದೇ ತಪ್ಪು ಅನ್ನುವ ದನಿಯಲ್ಲಿ.

ಆಗ ಅಮ್ಮ ತಿರುಗಿದಳು. ಅಣ್ಣನ ತೋಳು ಹಿಡಿದು ಮೆಲ್ಲಗೆ ನಡೆದು ಬಂದಳು. ಬಾಗಿಲ ಹತ್ತಿರ ನನ್ನ ಕೈಯಿಂದ ಗಂಟು ತೆಗೆದುಕೊಂಡು, ರೊಟ್ಟಿ ಇನ್ನೂ ಮೆತ್ತಗಿದೆಯೇ ಎಂದು ಬಟ್ಟೆಯ ಮೇಲಿಂದಲೇ ಒತ್ತಿ ನೋಡಿದಳು. ಬಿಚ್ಚಲಿಲ್ಲ.

ಹೊರಗೆ ಕಾಂಪೌಂಡ್ ಗೋಡೆಯಗಲಕ್ಕೆ ಫ್ಲೆಕ್ಸ್ ಕಟ್ಟಿದ್ದರು. ಅಲ್ಲಿ ಅಮ್ಮ ಮಚ್ಚೆಯಿಲ್ಲದ ಮುಖದಲ್ಲಿ ನಾಯಕರ ಕೈ ಹಿಡಿದುಕೊಂಡೇ ಇದ್ದಳು. ಈ ಅಮ್ಮ ಆ ಅಮ್ಮನ ಮುಂದೆ ಸ್ವಲ್ಪ ಹೊತ್ತು ಎದುರು ನಿಂತಳು.

"ಬಣ್ಣ ಚೆನ್ನಾಗಿ ಬಂದಿದೆ" ಅಂದಳು. "ನೀನೇ ಮಾಡಿದ್ದಾ?"

"ಹೂಂ" ಅಂದೆ.

ಅವಳು ರೊಟ್ಟಿಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಮನೆಯ ಕಡೆ ನಡೆದಳು.